ಕರೆಂಟಿನಲ್ಲಿ ಬಂದ ಬೀಗರು

ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡುವವನಿಗೆ ಕರೆಂಟಿನ ವಿಷಯವೆಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿದೆ. ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವವನ ಹತ್ತಿರ ಹೋಗಿ ಯಾರೂ ಹಲ್ಲು ಕೀಳಿಸಿಕೊಳ್ಳುವುದಿಲ್ಲ. ಕೋರ್ಟಿನ ಜವಾನನ ಕೈಲಿ ಯಾರೂ ತೀರ್ಪು ಹೇಳಿಸಿಕೊಳ್ಳುವುದಿಲ್ಲ. ನನ್ನನ್ನು ಮಾತ್ರ ಹಿಡಿದುಕೊಂಡು ಮಿಕ್ಸಿ ತೋರಿಸುತ್ತಾರೆ, ಇಸ್ತ್ರಿಪೆಟ್ಟಿಗೆ ತೋರಿಸುತ್ತಾರೆ, ಮೋಟರು ಯಾಕೆ ನೀರೆತ್ತುತ್ತಿಲ್ಲ ಎಂದು ಕೇಳುತ್ತಾರೆ. ಕೆ.ಆರ್.ಪೇಟೆಯ ಆಫೀಸಿನಲ್ಲಿ ನಾನು ಮಾಡುತ್ತಿದ್ದದ್ದು ಗುಮಾಸ್ತಿಕೆ. ಬಂದ ಅರ್ಜಿಗೆ ಮೊಹರು ಹೊಡೆಯುವುದು, ಮೊಹರು ಒಣಗಿದರೆ ಇಂಕು ಹಾಕುವುದು, ಇಷ್ಟೇ. ಕರೆಂಟನ್ನು ನಾನು ಕಂಡದ್ದು ಎಲ್ಲರಂತೆ ಅದು ಹೋದಾಗಲೇ. ಮನೆಯಲ್ಲಿ ಫ್ಯೂಸು ಹೋದರೆ ನನ್ನ ಹೆಂಡತಿ ಸ್ಟೂಲ್ ಹಾಕಿಕೊಂಡು ಹತ್ತುತ್ತಾಳೆ, ನಾನು ಟಾರ್ಚ್ ಹಿಡಿದುಕೊಂಡು ದೂರದಿಂದ ಧೈರ್ಯ ಹೇಳುತ್ತೇನೆ. ಇಷ್ಟಾದರೂ ನಂಟರಿಷ್ಟರಲ್ಲೆಲ್ಲ ನನ್ನ ಹೆಸರು ‘ಕರೆಂಟ್ ರಾಜ’. ಈ ಬಿರುದನ್ನು ನಾನು ಒಂದು ದಿನವೂ ಬೇಡ ಅನ್ನಲಿಲ್ಲ. ಸುಮ್ಮನೆ ಸಿಕ್ಕ ಮರ್ಯಾದೆಯನ್ನು ಯಾರು ತಾನೇ ಬೇಡ ಅಂದಾರು, ನೀವೇ ಹೇಳಿ.

ಈ ಬಿರುದಿನಿಂದ ನಾನು ಸಿಕ್ಕಿಹಾಕಿಕೊಂಡದ್ದು ತೊಂಬತ್ತರ ದಶಕದಲ್ಲಿ, ನಮ್ಮ ಸೋದರಮಾವ ನಂಜೇಗೌಡರ ಗಾಡಿಯ ದೆಸೆಯಿಂದ. ಮಾವನದು ಸಿಂಧಘಟ್ಟದ ಹತ್ತಿರದ ಒಂದು ಹಳ್ಳಿ. ಕಬ್ಬು, ಭತ್ತ, ನಾಲ್ಕು ಹಸು, ಎರಡು ಜೊತೆ ಎತ್ತು, ಇವುಗಳ ನಡುವೆ ಸುಖವಾಗಿದ್ದ ಮನುಷ್ಯ. ಒಂದು ಯುಗಾದಿ ಕಳೆದ ಮೇಲೆ ಏನು ತಲೆಗೆ ಹೊಕ್ಕಿತೋ, ಜೀಪು ಬೇಕು ಅಂದರು. ಹೊಸದಲ್ಲ. ಚಾಸಿಯನ್ನು, ಅಂದರೆ ಗಾಡಿಯ ಅಸ್ಥಿಪಂಜರವನ್ನು, ಶ್ರೀರಂಗಪಟ್ಟಣದ ಕಡೆ ಹುಣಸೆಮರದ ಕೆಳಗೆ ಕೋಳಿಗಳಿಗೆ ಗೂಡಾಗಿ ನಿಂತಿದ್ದ ಹಳೇ ಜೀಪಿನಿಂದ ಎತ್ತಿಕೊಂಡು ಬಂದರು. ಎಂಜಿನ್ನು ಪಾಂಡವಪುರದ ಗುಜರಿಯಲ್ಲಿ ಸಿಕ್ಕಿತು. ಅದು ಬೇರೆ ಯಾವುದೋ ಕಂಪನಿಯ ಡೀಸೆಲ್ ಎಂಜಿನ್ನು. ಕೆ.ಆರ್.ಪೇಟೆಯ ಮೆಕ್ಯಾನಿಕ್ ನಜೀರ್ ಸಾಹೇಬರು ಎರಡಕ್ಕೂ ಗಂಟುಹಾಕಿ, ಹಿಂಭಾಗ ಕತ್ತರಿಸಿ, ಹುಲ್ಲು ಗೊಬ್ಬರ ಹೇರುವುದಕ್ಕೆ ತಗಡಿನ ತೊಟ್ಟಿ ಕೂರಿಸಿ, ಪಿಕಪ್ ಮಾಡಿಕೊಟ್ಟರು. ಡೈರಿಗೆ ಹಾಲು ಹಾಕಲು ಬಂದವರೆಲ್ಲ ಅದನ್ನು ಸುತ್ತು ಹಾಕಿ ನೋಡಿದರು. ಆಗ ಎಲ್ಲರ ಕೊಟ್ಟಿಗೆಗೂ ಹೈಬ್ರೀಡ್ ಹಸು ಬರುತ್ತಿದ್ದ ಕಾಲ. “ಗೌಡ್ರು ಹೈಬ್ರೀಡ್ ಜೀಪು ಕಟ್ಟವ್ರೆ” ಎಂದು ಯಾರೋ ಅಂದರು. ಆ ಹೆಸರೇ ನಿಂತಿತು.

ಈ ಹೈಬ್ರೀಡಿಗೆ ದೊಡ್ಡ ಗೇರಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಗೇರಿತ್ತು. ಅದನ್ನು ಒಂದು ಕಡೆ ಹಾಕಿದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ. ಇನ್ನೊಂದು ಕಡೆ ಹಾಕಿದರೆ ನಾಲ್ಕೂ ಚಕ್ರಕ್ಕೆ. ಮತ್ತೂ ಒಂದು ಮನೆ ಇತ್ತು, ಅದಕ್ಕೆ ಹಾಕಿದರೆ ನಾಲ್ಕು ಚಕ್ರವೂ ಎಳೆಯುತ್ತವೆ, ಆದರೆ ಗಾಡಿ ಬಸುರಿ ಹೆಂಗಸಿನಂತೆ ಮೆಲ್ಲಗೆ ಹೆಜ್ಜೆ ಇಡುತ್ತದೆ, ಬಲ ಮಾತ್ರ ಭೂಮಿ ಕೀಳುವಷ್ಟು. ಮಾವ ಈ ಮೂರಕ್ಕೂ ತಮ್ಮದೇ ಹೆಸರಿಟ್ಟುಕೊಂಡಿದ್ದರು: ಜೋಡೆತ್ತು, ನಾಲ್ಕೆತ್ತು, ಉಳೋ ಗೇರು. “ಡಾಂಬರ್ ಮೇಲೆ ಫೋರ್‌ವೀಲ್ ಹಾಕ್ಬೇಡಿ ಗೌಡ್ರೆ, ಗೇರ್ ಬಾಕ್ಸ್ ಖರಾಬ್ ಆಯ್ತದೆ. ಕೆಸರಿದ್ರೆ ಮಾತ್ರ ಹಾಕಿ” ಎಂದು ನಜೀರ್ ಸಾಹೇಬರು ಕೈಮುಗಿದು ಹೇಳಿದ್ದರು. ಮಾವ ಕೇಳಬೇಕಲ್ಲ.

“ಅಲ್ಲ ಕಣ್ಲಾ ರಾಜ, ಕಬ್ಬಿನ ಗಾಡಿಗೆ ಜೋಡೆತ್ತು ಕಟ್ಟುದ್ರೆ ಸಂಜೆ ಒತ್ಗೆ ಎಂಗೆ ನೊರೆ ಕಕ್ತಾವೆ? ಅದೇ ನಾಕೆತ್ತು ಕಟ್ಟು, ಆರಾಮಾಗಿ ಬಾಲ ಅಲ್ಲಾಡುಸ್ಕೊಂಡು ಬತ್ತಾವೆ. ಸುಸ್ತಾಗ್ದೆ ಇದ್ರೆ ಮೇವೂ ಕಮ್ಮಿ ತಿಂತಾವೆ. ಚಕ್ರಕ್ಕೂ ಅಂಗೇ ಅಲ್ವೇನ್ಲಾ?” ಎಂದು ಕೇಳಿದರು.

ನಾನು ತಲೆಯಾಡಿಸಿದೆ. ಸತ್ಯವಾಗಿ ಹೇಳುತ್ತೇನೆ, ಅವರು ಹೇಳಿದಾಗ ನನಗೂ ಸರಿ ಅನ್ನಿಸಿತು. ಎತ್ತು ಕಟ್ಟಿ ಬದುಕಿದ ಮನೆತನದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತೇ ಅಲ್ಲ. ಅಂದಿನಿಂದ ಗಾಡಿ ಡೈರಿಗೆ ಹೋದರೂ ನಾಲ್ಕೆತ್ತು, ಬೂಕನಕೆರೆಗೆ ಸಂತೆಗೆ ಹೋದರೂ ನಾಲ್ಕೆತ್ತು. ಡಾಂಬರು ರಸ್ತೆಯಲ್ಲಿ ತಿರುವು ಬಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ದಾಯಾದಿ ಜಗಳ ಹತ್ತಿಕೊಳ್ಳುವುದು. ಟೈರು ಕೀರ್ ಅನ್ನುವುದು, ಕೆಳಗೆಲ್ಲೋ ಕಟಕಟ ಅನ್ನುವುದು. “ನಾಕೂ ಒಟ್ಗೆ ಎಳೀತಾವೆ, ಸದ್ದು ಬರ್ದೆ ಇರ್ತದ?” ಎಂದು ಮಾವ ಖುಷಿಪಡುವರು. ಡೀಸೆಲ್ಲನ್ನಂತೂ ಅದು ಹಬ್ಬಕ್ಕೆ ಬಂದ ಅಳಿಯನಂತೆ ಕುಡಿಯುತ್ತಿತ್ತು. ಡೀಸೆಲ್ ಎಷ್ಟಿದೆಯೆಂದು ತೋರಿಸುವ ಮುಳ್ಳಿನ ಮೀಟರು ಕೆಟ್ಟಿದ್ದರಿಂದ ಮಾವ ಹಿಪ್ಪುನೇರಳೆ ಕಡ್ಡಿಯನ್ನು ಟ್ಯಾಂಕಿಗೆ ಇಳಿಬಿಟ್ಟು, ಒದ್ದೆಯಾದದ್ದನ್ನು ಹೆಬ್ಬೆರಳಿನಲ್ಲಿ ಅಳೆಯುತ್ತಿದ್ದರು. ಪ್ರತಿಸಲ ಕಡ್ಡಿ ಒಣಗಿದ್ದಾಗಲೂ ಅವರ ಅನುಮಾನ ಬಂಕಿನವರ ಮೇಲೆ, ಕಡ್ಡಿಯ ಮೇಲೆ, ಇಲಿಗಳ ಮೇಲೆ. ನಾಲ್ಕೆತ್ತಿನ ಮೇಲೆ ಮಾತ್ರ ಇಲ್ಲ.

ಗಾಡಿಯಲ್ಲಿ ನಿಜವಾಗಿ ಗಟ್ಟಿಯಾಗಿದ್ದದ್ದು ಬ್ಯಾಟರಿ. ಲಾರಿಗೆ ಹಾಕುವಂಥ ದೊಡ್ಡ ಬ್ಯಾಟರಿ. ಅದನ್ನು ತಂದದ್ದು ಗಾಡಿಗಾಗಿ ಅಲ್ಲ, ನಮ್ಮ ಅತ್ತೆಯ ಟೀವಿಗಾಗಿ. ಸಂಜೆ ಧಾರಾವಾಹಿಯಲ್ಲಿ ಸೊಸೆ ಅಳುವುದಕ್ಕೆ ಬಾಯಿ ತೆರೆದಳೆಂದರೆ ಕರೆಂಟು ಹೋಗುತ್ತಿತ್ತು. ಆಗ ಜಗಲಿಯ ಪಕ್ಕ ನಿಂತ ಹೈಬ್ರೀಡಿನ ಬ್ಯಾಟರಿಯಿಂದ ಕಿಟಕಿಯೊಳಕ್ಕೆ ಎರಡು ವೈರು ಬರುತ್ತಿದ್ದವು. ಅತ್ತೆ, ಅಕ್ಕಪಕ್ಕದ ಹೆಂಗಸರು ಎಲ್ಲ ಸೇರಿ ಅಳು ಮುಗಿಯುವವರೆಗೂ ನೋಡುತ್ತಿದ್ದರು. ಮಾರನೆಯ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ಊರಿನವರೆಲ್ಲ ತಳ್ಳುತ್ತಿದ್ದರು.

ನಾನು ಡ್ರೈವಿಂಗ್ ಕಲಿಯಲು ಹೋದದ್ದೂ ಇದೇ ಗಾಡಿಯಲ್ಲಿ. ಮಾವ ಹಿಂದಿನ ದಿನ ಹೊಲಕ್ಕೆ ಗೊಬ್ಬರ ಹೊಡೆದು ಪುಟ್ಟ ಗೇರನ್ನು ಉಳೋ ಗೇರಿನಲ್ಲೂ ದೊಡ್ಡದನ್ನು ಮೊದಲನೆಯದರಲ್ಲೂ ಬಿಟ್ಟು ನಿಲ್ಲಿಸಿಬಿಟ್ಟಿದ್ದರು. ಎಂಜಿನ್ನು ಆರಿಸಲು ಡೀಸೆಲ್ ನಿಲ್ಲಿಸುವ ವೈರು ಎಳೆದದ್ದು ಎಳೆದಂತೆಯೇ ಇತ್ತು. ನಾನು ಗಂಭೀರವಾಗಿ ಕೂತು, ಗೇರ್ ನೋಡದೆ ಕೀ ತಿರುಗಿಸಿ ಹಿಡಿದೆ. ಎಂಜಿನ್ನು ಸದ್ದೇ ಮಾಡಲಿಲ್ಲ. ಬ್ಯಾಟರಿಯ ಕರೆಂಟಿನಿಂದ ಎಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮೋಟರು ಮಾತ್ರ ಗುರುಗುರು ಅಂದಿತು. ಗಾಡಿ ಕಳ್ಳನ ಹಾಗೆ ಸದ್ದಿಲ್ಲದೆ ಮುಂದಕ್ಕೆ ಹೊರಟಿತು! ಸ್ಟಾರ್ಟೇ ಆಗದ ಗಾಡಿ ಹೇಗೆ ಹೊರಡುತ್ತದೆ ಎಂದು ನಾನು ಯೋಚಿಸುವಷ್ಟರಲ್ಲಿ ಎದುರಿನ ತಿಪ್ಪೆಯೊಳಗೆ ಮೂತಿ ಹುದುಗಿಸಿ ನಿಂತಿತು. ಕೀ ಬಿಡಬೇಕು ಎಂಬುದು ಆಮೇಲೆ ಹೊಳೆಯಿತು. ಅತ್ತೆ ಸೊಂಟ ಹಿಡಿದುಕೊಂಡು ನಕ್ಕರು. “ಕರೆಂಟ್ ಆಪೀಸ್ನೋನು ಕರೆಂಟಲ್ಲೇ ಓಡ್ಸುದ್ನಲ್ಲ ನಮ್ಮಪ್ಪ!” ಎಂದು ಊರಿಗೆಲ್ಲ ಸಾರಿದರು. ನನ್ನ ಕಲಿಕೆ ಅಲ್ಲಿಗೆ ನಿಂತಿತು.

ಹೀಗಿರುವಾಗ ಮಾವನ ಮಗಳು ಸರೋಜಳ ಮದುವೆ ನಾಗಮಂಗಲ ಕಡೆಯ ಹುಡುಗನೊಂದಿಗೆ ಆಯಿತು. ಹುಡುಗನ ತಂದೆ ಬೋರೇಗೌಡರು, ಗಿರಿಜಾಮೀಸೆ, ಭಾರಿ ಮೈ, ಅದಕ್ಕಿಂತ ಭಾರಿ ಮಾತು. ಮದುವೆಯ ದಿನ ಅವರು ಹೈಬ್ರೀಡನ್ನು ಒಂದು ಸುತ್ತು ಹಾಕಿ, ಟೈರಿಗೆ ಕಾಲಿನಿಂದ ತಟ್ಟಿ, ನಾಲ್ಕು ಜನರ ಮುಂದೆ ಕೇಳಿಯೇಬಿಟ್ಟರು: “ಬೀಗ್ರೆ, ಬೀಗರೂಟಕ್ಕೆ ಇದು ನಮ್ಮುನ್ನ ಕರ್ಕೊಂಡೋಯ್ತದೋ, ಇಲ್ಲ ನಾವೇ ಇದ್ನ ಕರ್ಕೊಂಡೋಗ್ಬೇಕೋ?” ಗಂಡಿನ ಕಡೆಯವರೆಲ್ಲ ಗೊಳ್ಳೆಂದು ನಕ್ಕರು. ಮಾವನ ಮುಖ ಕೆಂಪೇರಿತು. ಎದೆ ತಟ್ಟಿಕೊಂಡು, “ನಿಮ್ ಕಾಲು ನೆಲುಕ್ಕೆ ಸೋಕ್ದಂಗೆ ತಂದು ನಮ್ಮನೆ ಚಪ್ರುದ್ ಬಾಗ್ಲಲ್ಲಿ ಇಳುಸ್ತೀನಿ. ಇಳುಸ್ಲಿಲ್ಲ ಅಂದ್ರೆ ಈ ಗಾಡಿ ಗುಜ್ರಿಗೆ ಆಕ್ಬುಡ್ತೀನಿ” ಎಂದು ಶಪಥ ಮಾಡಿದರು.

ಬೀಗರೂಟ ಅಂದರೆ ನಮ್ಮ ಸೀಮೆಯಲ್ಲಿ ಏನೆಂದು ಹೊಸಬರಿಗೆ ಹೇಳಬೇಕು. ಮದುವೆಯಲ್ಲಿ ಪಾಯಸ ಕುಡಿದದ್ದೆಲ್ಲ ನೆಪಕ್ಕೆ. ಎರಡು ಮನೆ ಒಂದಾಗುವುದು ಬೀಗರೂಟದ ದಿನ, ಮರಿ ಕಡಿದು, ಮುದ್ದೆ ಕಟ್ಟಿ, ಬೀಗರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಸಾಕು ಸಾಕು ಅಂದರೂ ಬಿಡದೆ ಬಡಿಸಿದಾಗ. ಅಂದು ಒಂದು ಮಾತು ಹೆಚ್ಚುಕಮ್ಮಿ ಆದರೆ ಮೊಮ್ಮಕ್ಕಳ ನಾಮಕರಣದವರೆಗೂ ಎತ್ತಿ ಆಡುತ್ತಾರೆ. ಅಂಥ ಬೀಗರ ಕೈಲಿ ಗಾಡಿ ತಳ್ಳಿಸಿದೆವು ಎಂದಾದರೆ, ಅಯ್ಯಯ್ಯೋ, ನಮ್ಮ ಮನೆತನಕ್ಕೆ ‘ಬೀಗರ ಕೈಲಿ ತಳ್ಳಿಸಿದೋರು’ ಅಂತಲೇ ಹೆಸರು ಬಿದ್ದುಹೋಗುತ್ತದೆ.

ಹಿಂದಿನ ದಿನ ಸಂಜೆ ಒಂದು ಪವಾಡ ನಡೆಯಿತು. ಕರೆಂಟು ಹೋಗಲೇ ಇಲ್ಲ. ಮನೆ ತುಂಬಿದ್ದ ನಂಟರೆಲ್ಲ ಧಾರಾವಾಹಿಯನ್ನು ಪೂರ್ತಿ ನೋಡಿದರು. “ರಾಜ ಆಪೀಸಲ್ಲಿ ಏಳ್ಬುಟ್ಟು ಬಂದವ್ನೆ ಕಣಮ್ಮಿ” ಎಂದು ಅತ್ತೆ ಎಲ್ಲರಿಗೂ ಹೇಳಿದರು. ನನಗೂ ಆ ಕರೆಂಟಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ನಾನು ಮೆಲ್ಲಗೆ ನಕ್ಕೆ. ಹೈಬ್ರೀಡಿನ ಬ್ಯಾಟರಿ ಮಾತ್ರ ಅಂದು ಯಾರ ಅಳುವಿಗೂ ಸಿಕ್ಕದೆ ತುಂಬಿಕೊಂಡೇ ಉಳಿಯಿತು.

ಮಾರನೆಯ ಬೆಳಿಗ್ಗೆ ಮಾವ ಕಡ್ಡಿ ಇಳಿಬಿಟ್ಟು, “ಬೇಕಾದಷ್ಟದೆ, ನಾಕೆತ್ತು ಕಟ್ಟಿಲ್ವೇ?” ಎಂದು ಹೊರಟರು. ಜೊತೆಗೆ ನಾನು. ನಾಗಮಂಗಲದ ಕಡೆಯ ಆ ಊರಿನಲ್ಲಿ ತೊಟ್ಟಿಗೆ ಜಮಖಾನ ಹಾಸಿ ಬೀಗರ ಕಡೆಯ ಹೆಂಗಸರನ್ನೂ ಬೋರೇಗೌಡರ ತಮ್ಮಂದಿರನ್ನೂ ಕೂರಿಸಿದೆವು. ಮುಂದುಗಡೆ ಮಾವ ಸ್ಟೇರಿಂಗಿಗೆ, ಬೋರೇಗೌಡರು ಬಾಗಿಲಿಗೆ, ನಡುವೆ ಎರಡು ಗೇರುಗಳಿಗೂ ಒಂದೊಂದು ಕಾಲು ಕೊಟ್ಟುಕೊಂಡು ನಾನು. ದಾರಿಯುದ್ದಕ್ಕೂ ಮಾವ ನಾಲ್ಕೆತ್ತಿನ ಮಹಿಮೆ ವರ್ಣಿಸಿದರು. ಬೋರೇಗೌಡರು ಮೀಸೆಯ ಮೇಲೆ ಕೈಯಾಡಿಸಿಕೊಂಡು “ಅಂಗಾ?” “ಇಂಗಾ?” ಅಂದರೇ ಹೊರತು ಇನ್ನೊಂದು ಮಾತಾಡಲಿಲ್ಲ.

ಊರು ಕಾಣಿಸಿತು. ನಾಲೆಯ ಸೇತುವೆ ದಾಟಿದರೆ ಮಣ್ಣಿನ ರಸ್ತೆ, ಅದರ ತುದಿಯಲ್ಲೇ ತೆಂಗಿನಗರಿ ಚಪ್ಪರ. ಚಪ್ಪರದ ಬಾಗಿಲಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತದ್ದೂ ಕಾಣುತ್ತಿತ್ತು. ಮಸಾಲೆಯ ಘಮ ಮೂಗಿಗೆ ಬಡಿಯಿತು. ಆಗಲೇ ಹೈಬ್ರೀಡು ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಸೇತುವೆಯ ದಿಣ್ಣೆ ಇಳಿದು ಮಣ್ಣಿನ ರಸ್ತೆಗೆ ಬಂದು ತೆಪ್ಪಗೆ ನಿಂತುಕೊಂಡಿತು.

ಮಾವ ನನ್ನ ಮುಖ ನೋಡಿದರು. ಆ ಮುಖ ನಾನು ಜನ್ಮದಲ್ಲಿ ಮರೆಯುವುದಿಲ್ಲ. ಡೀಸೆಲ್ ಖಾಲಿ. ಯಾರ ಮನೆಯ ಟ್ರಾಕ್ಟರಿನಿಂದಲಾದರೂ ಡೀಸೆಲ್ ತರಬಹುದು. ಆದರೆ ಒಮ್ಮೆ ಖಾಲಿಯಾದರೆ ಪೈಪಿನೊಳಗೆ ಗಾಳಿ ಸೇರಿಕೊಂಡು, ಅದನ್ನು ಬಿಚ್ಚಿ ಗಾಳಿ ತೆಗೆಯುವವರೆಗೂ ಎಂಜಿನ್ನು ಏಳುವುದಿಲ್ಲ. ಅಷ್ಟು ಹೊತ್ತು ಬೀಗರನ್ನು ಬಿಸಿಲಿನಲ್ಲಿ ಕೂರಿಸುವುದೇ? ಇಳಿಸಿ ನಡೆಸುವುದೇ? ಮಾವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

“ಯಾಕ್ ಬೀಗ್ರೆ, ನಿಲ್ಲುಸ್ಬುಟ್ರಿ?” ಎಂದರು ಬೋರೇಗೌಡರು.

ಯಾವ ಧೈರ್ಯದಲ್ಲಿ ಹೇಳಿದೆನೋ, ನನ್ನ ಬಾಯಿಂದ ಮಾತು ಬಂದೇ ಬಿಟ್ಟಿತು. “ಇಲ್ಲಿಂದಾಚೆಗೆ ಕರೆಂಟಿನಲ್ಲಿ ಹೋಗುತ್ತದೆ ಗೌಡರೆ. ಬೀಗರು ಬರುವಾಗ ಹೊಗೆ, ಸದ್ದು ಇರಬಾರದು ಅಂತ ಹೊಸದಾಗಿ ವ್ಯವಸ್ಥೆ ಮಾಡಿದ್ದೇವೆ” ಎಂದೆ. ಮಾವ ಬಾಯಿ ತೆರೆದುಕೊಂಡು ನನ್ನನ್ನು ನೋಡಿದರು. ನಾನು ಅವರ ಕಿವಿಯಲ್ಲಿ “ತಿಪ್ಪೆ, ಮಾವ, ತಿಪ್ಪೆ” ಎಂದೆ. ಮಾವನ ಕಣ್ಣು ಮಿಂಚಿತು.

ಮೊದಲು ಮಾವ ತಮ್ಮ ಪ್ರೀತಿಯ ನಾಲ್ಕೆತ್ತಿನಲ್ಲೇ ಕೀ ತಿರುಗಿಸಿದರು. ಮೋಟರು ಊಂ ಎಂದು ನರಳಿತು, ಗಾಡಿ ಅಲ್ಲಾಡಲಿಲ್ಲ. ಡೀಸೆಲ್ ಕುಡಿದ ಹಾಗೆಯೇ ಅದು ಕರೆಂಟನ್ನೂ ಕುಡಿಯಲು ಹೊರಟಿತ್ತು. ಪುಟ್ಟ ಗೇರನ್ನು ಜೋಡೆತ್ತಿಗೆ ತಂದರು. ಒಂದು ಗೇಣು ಮುಗ್ಗರಿಸಿ ನಿಂತಿತು, ತೊಟ್ಟಿಯಲ್ಲಿದ್ದ ಹೆಂಗಸರು “ಅಯ್ಯಪ್ಪ!” ಎಂದು ಒಬ್ಬರನ್ನೊಬ್ಬರು ಹಿಡಿದುಕೊಂಡರು. “ಉಳೋ ಗೇರು ಹಾಕಿ” ಎಂದು ನಾನು ಪಿಸುಗುಟ್ಟಿದೆ. ಮಾವ ಹಲ್ಲು ಕಚ್ಚಿ ಪುಟ್ಟ ಗೇರನ್ನು ಕೊನೆಯ ಮನೆಗೆ ಎಳೆದು, ದೊಡ್ಡ ಗೇರನ್ನು ಮೊದಲನೆಯದಕ್ಕೆ ತಳ್ಳಿ, ಕಣ್ಣುಮುಚ್ಚಿ ಕೀ ತಿರುಗಿಸಿದರು. ಗುರುಗುರು, ಗುರುಗುರು. ಹೈಬ್ರೀಡು ಹೊರಟಿತು! ಹೊಗೆಯಿಲ್ಲ, ಎಂಜಿನ್ನಿನ ಆರ್ಭಟವಿಲ್ಲ, ಬೇಲಿಯ ಮೇಲಿನ ಗುಬ್ಬಚ್ಚಿ ಕೂಡ ಹಾರಲಿಲ್ಲ. ಮಾರು ಮಾರಾಗಿ ಅದು ಚಪ್ಪರದ ಕಡೆ ನಡೆಯಿತು.

ಮೋಟರು ಕಾದು ಸುಟ್ಟುಹೋದೀತೆಂದು ಮಾವ ಸ್ವಲ್ಪ ದೂರಕ್ಕೊಮ್ಮೆ ಕೀ ಬಿಡುತ್ತಿದ್ದರು. ಬಿಟ್ಟರೆ ಗಾಡಿ ಕಾಲೂರಿದ ಎತ್ತಿನಂತೆ ಅಲ್ಲೇ ನಿಲ್ಲುತ್ತಿತ್ತು. ಇದನ್ನು ದೂರದಿಂದ ನೋಡಿದ ಓಲಗದವರು ಏನು ತಿಳಿದುಕೊಂಡರು ಗೊತ್ತೇ? ಮೆರವಣಿಗೆಯಲ್ಲಿ ಹೀಗೇ ಅಲ್ಲವೇ, ನಾಲ್ಕು ಹೆಜ್ಜೆ ನಡೆಯುವುದು, ನಿಂತು ಬಾರಿಸುವುದು? ಗೌಡರು ಬೀಗರನ್ನು ಮೆರವಣಿಗೆಯಲ್ಲಿ ಕರೆತರುತ್ತಿದ್ದಾರೆ ಎಂದುಕೊಂಡು ಡೋಲು ಹೊತ್ತು ಓಡಿ ಬಂದರು. ಅವರ ಹಿಂದೆ ಊರೇ ಬಂತು. ಗಾಡಿ ನಿಂತಾಗಲೆಲ್ಲ ಓಲಗ ಜೋರಾಗುವುದು, ಹುಡುಗರು ಕುಣಿಯುವುದು. ಡೋಲು ನಿಲ್ಲಿಸಿದರೆ ಮಾವ ಕೀ ತಿರುಗಿಸುವರು. ಯಾರೋ ಹೂವಿನ ಹಾರ ತಂದು ಬೋರೇಗೌಡರ ಕೊರಳಿಗೇ ಹಾಕಿದರು. ಅವರು ಬಾಗಿಲಿನಿಂದ ಕೈ ಹೊರಗೆ ಹಾಕಿ ಮಂತ್ರಿಗಳಂತೆ ಬೀಸುತ್ತಾ ಬಂದರು. ನಾನು ನಡುವೆ ಕೂತು ಮನೆದೇವರನ್ನು ನೆನೆಯುತ್ತಿದ್ದೆ. ದೇವರೇ, ಇನ್ನೊಂದು ಧಾರಾವಾಹಿಯಷ್ಟು ಕರೆಂಟು ಉಳಿಸಪ್ಪ.

ಗುರುಗುರು ಸದ್ದು ಸಣ್ಣಗಾಗುತ್ತಾ ಬಂತು. ಚಪ್ಪರದ ಬಾಳೆಕಂದಿಗೆ ಮೂತಿ ತಾಗಿದಾಗ ಹೈಬ್ರೀಡು ‘ಟಕ್’ ಎಂದಿತು, ಆಮೇಲೆ ಉಸಿರೆತ್ತಲಿಲ್ಲ. ಇನ್ನು ಎತ್ತಬೇಕಾಗಿಯೂ ಇರಲಿಲ್ಲ. ಬೋರೇಗೌಡರು ಹಾಸಿದ್ದ ಚಾಪೆಯ ಮೇಲೆ ಕಾಲಿಟ್ಟು ಇಳಿದರು. ಅತ್ತೆ ಕಾಲಿಗೆ ನೀರು ಕೊಟ್ಟರು, ಆರತಿ ಎತ್ತಿದರು. ಮಾವ ಸ್ಟೇರಿಂಗಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿ, ನನ್ನನ್ನು ಎಲ್ಲರೆದುರೂ ತಬ್ಬಿಕೊಂಡು ಅತ್ತೇಬಿಟ್ಟರು. ನಂಟರು ಮಗಳ ನೆನಪಾಗಿ ಅತ್ತರೆಂದುಕೊಂಡರು. ನನಗೂ ಕಣ್ಣು ತುಂಬಿತ್ತು, ಸುಳ್ಳೇಕೆ.

ಊಟ ಭರ್ಜರಿಯಾಗಿ ನಡೆಯಿತು. ಬೋರೇಗೌಡರು ಎಲೆ ಮುಂದೆ ಕೂತರೆ ಬಡಿಸುವವರಿಗೆ ಬೇರೆ ಕಡೆ ನೋಡಲು ಬಿಡುವಿರಲಿಲ್ಲ. ಆಮೇಲೆ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಾ ನನ್ನನ್ನು ಹತ್ತಿರಕ್ಕೆ ಕರೆದರು.

“ಏನ್ ಕರೆಂಟ್ ಅಳಿಮಯ್ಯ, ಸೆಲ್ಫ್ ಮೋಟ್ರು ಸುಟ್ಟೋಗ್ಲಿಲ್ವ?”

ನನ್ನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತು.

“ಎದುರ್ಕೋಬ್ಯಾಡಿ” ಎಂದು ನನ್ನ ತೊಡೆ ತಟ್ಟಿದರು. “ಡೀಸಲ್ ಖಾಲಿ ಆದ್ರೆ ನಮ್ ಟ್ರಾಕ್ಟ್ರೂ ಇಂಗೇ ಶೆಡ್ಗೆ ಓಗೋದು. ಮೊದುಲ್ನೇ ಗುರ್ ಅನ್ನೋ ಒತ್ಗೇ ಗೊತ್ತಾಯ್ತು. ಆದ್ರೆ ನಾನು ಇಳುದ್ಬುಟ್ಟಿದ್ರೆ ನಿಮ್ಮಾವ ಇನ್ನು ಜಲ್ಮದಲ್ಲಿ ನನ್ ಮುಂದೆ ತಲೆ ಎತ್ತೋನಾ? ಅವ್ನ್ ಮಗ್ಳು ನಮ್ಮನೆ ಸೊಸೆ. ಅವ್ನ್ ಮರ್ವಾದೆ ಬ್ಯಾರೆ, ನಮ್ದು ಬ್ಯಾರೇನಾ? ಅದ್ಕೇ ಕೈ ಬೀಸ್ಕೊಂಡು ಬಂದೆ. ಅವ್ನ್ಗೆ ಏಳ್ಬ್ಯಾಡಿ.”

ಅಷ್ಟು ಹೇಳಿ, ಅಂಗಳಕ್ಕೆ ಕೇಳುವಂತೆ ದನಿ ಏರಿಸಿದರು: “ಬೀಗ್ರೆ! ಬರೋವಾಗ ಕರೆಂಟಲ್ಲಿ ಬಂದೋ, ಬಾಳ ಸುಖ ಆಯ್ತು. ಓಗೋವಾಗ ಒಸಿ ಡೀಸಲ್ ಆಕ್ಸಿ, ಬಿರ್ರನೆ ಓಗ್ಬೇಕು!” ಮಾವ ಹಿಗ್ಗಿ ಹೀರೇಕಾಯಿಯಾದರು. ಅಂದು ಮದುವೆಯಲ್ಲಿ ಕೇಳಿದ ನಗೆಯ ಎರಡರಷ್ಟು ನಗೆ ಚಪ್ಪರದಲ್ಲಿ ಎದ್ದಿತು, ಈ ಸಲ ಮಾವನೂ ಅದರಲ್ಲಿ ಸೇರಿಕೊಂಡರು.

ಬೋರೇಗೌಡರು ಮತ್ತೆ ನನ್ನ ಕಡೆ ತಿರುಗಿ, “ಅದ್ಸರಿ, ಉಳೋ ಗೇರಲ್ಲೇ ಓಯ್ತದೆ ಅಂತ ನಿಮ್ಗೆಂಗ್ ಗೊತ್ತಾಯ್ತು?” ಎಂದು ಕೇಳಿದರು.

ನಾನು ಬೆನ್ನು ನೆಟ್ಟಗೆ ಮಾಡಿ, “ಇಲಾಖೆಯ ಅನುಭವ” ಎಂದೆ.

ಅವರು ಮೀಸೆಯಡಿಯಲ್ಲೇ ನಕ್ಕರು. “ಅಂಗಾ? ತಿಪ್ಪೆಗೆ ಗುದ್ದಿದ್ದು ಅಂತ ನಿಮ್ಮತ್ತೆ ಮದ್ವೆ ದಿನ್ವೇ ಏಳುದ್ರಲ್ಲ!”

ನಾನು ಅತ್ತೆಯ ಕಡೆ ನೋಡಿದೆ. ಅವರು ಬೀಗಿತ್ತಿಯರ ನಡುವೆ ಕೂತು ಕೈ ಮುಂದೆ ಚಾಚಿ ಕೀ ತಿರುಗಿಸುವಂತೆ ಮಾಡಿ ತೋರಿಸುತ್ತಿದ್ದರು. ಹೆಂಗಸರೆಲ್ಲ ನನ್ನ ಕಡೆಯೇ ನೋಡಿ ಸೆರಗು ಬಾಯಿಗಿಟ್ಟುಕೊಂಡರು.

ಇದಾದ ಮೇಲೆ ಬಹಳ ದಿನ ನನ್ನ ಆಫೀಸಿನ ಕಿಟಕಿಗೆ ಜನ ಬಂದು, ಲೂನಾ ಕರೆಂಟಿನಲ್ಲಿ ಓಡುತ್ತದೆಯೇ, ಟಿಲ್ಲರು ಓಡುತ್ತದೆಯೇ ಎಂದು ಕೇಳುತ್ತಿದ್ದರು. ನಾನು ಯೋಚಿಸಿ ಹೇಳುತ್ತೇನೆ ಎಂದು ಮೊಹರು ಹೊಡೆದು ಕಳಿಸುತ್ತಿದ್ದೆ. ಮಾವ ಡಾಂಬರು ರಸ್ತೆಯಲ್ಲಿ ಈಗಲೂ ನಾಲ್ಕೆತ್ತೇ ಕಟ್ಟುತ್ತಾರೆ. ಬೀಗರ ಮಾತು ಬಂದಾಗಲೆಲ್ಲ, “ಪಾಪ, ಬೋರೇಗೌಡ್ರು ಏನೂ ಅರೀದೋರು ಕಣ್ಲಾ, ಎಂಗ್ ನಂಬುಸ್ಬುಟ್ಟೆ ನೀನು!” ಎಂದು ನನ್ನ ಬೆನ್ನು ತಟ್ಟುತ್ತಾರೆ. ಬೋರೇಗೌಡರು ಕೇಳಿಕೊಂಡಂತೆ ನಾನು ಗುಟ್ಟು ಬಿಡದೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಆಮೇಲೆ ನಾನೂ ಹೇಗೋ ಡ್ರೈವಿಂಗ್ ಕಲಿತೆ. ಆದರೆ ಕೀ ತಿರುಗಿಸುವ ಮೊದಲು ಗೇರ್ ನೋಡುವ ಅಭ್ಯಾಸ ಮಾತ್ರ ಇನ್ನೂ ಬಂದಿಲ್ಲ. ಎದುರಿಗೆ ತಿಪ್ಪೆ ಇದೆಯೇ ಎಂದಷ್ಟೇ ನೋಡಿಕೊಳ್ಳುತ್ತೇನೆ.